ಅಳಿಯ ತೋಡಿದ ಬಾವಿ

ಲೆವಿಸಿಗೆ ಅಳಿಯನ ಬೂಟಿನ ಸದ್ದು ಗೊತ್ತು, ಕೆಮ್ಮು ಗೊತ್ತು, ಉಂಡು ಮುಗಿಸಿ ಬಟ್ಟಲನ್ನು ಅವನು ಕೆಳಗಿಡುವ ರೀತಿಯೂ ಗೊತ್ತು. ಮುಖ ಮಾತ್ರ ಗೊತ್ತಿಲ್ಲ. ಮಗಳನ್ನು ಕೊಟ್ಟ ದಿನದಿಂದ ಅವಳು ಐಸಮ್‌ನನ್ನು ನೇರವಾಗಿ ನೋಡಿದವಳಲ್ಲ, ಅವನ ಜೊತೆ ಒಂದು ಮಾತು ಆಡಿದವಳಲ್ಲ. ಅವನೂ ಅಷ್ಟೇ. ಮನೆಯ ಮೂಲೆ ತಿರುಗುವ ಮೊದಲು ಅವನು ಕೆಮ್ಮುತ್ತಾನೆ; ಅವಳು ಶಾಲನ್ನು ಕಣ್ಣಿನವರೆಗೆ ಎಳೆದುಕೊಂಡು ಹಿಂಬಾಗಿಲಿಂದ ಆಚೆ ಹೋಗುತ್ತಾಳೆ. ಗ್ಲೋವರ್ ಹೊಳೆಯಾಚೆ ಅಂಗಡಿ ಇಟ್ಟಿದ್ದ ಬಿಳಿಯನೊಬ್ಬ, ಆ ಮನೆಯಲ್ಲಿ ಅತ್ತೆಗೂ ಅಳಿಯನಿಗೂ ಭಾರಿ ಜಗಳವಂತೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಪಾಪ, ಅವನು ತನ್ನ ಅತ್ತೆಯ ಮುಖವನ್ನು ದಿನಾ ನೋಡುತ್ತಿದ್ದ, ದಿನಾ ಜಗಳ ಆಡುತ್ತಿದ್ದ. ಲೆವಿಸಿಯ ಚೋಕ್ಟಾ ಮೂಲನಿವಾಸಿ ಜನರಲ್ಲಿ ಅತ್ತೆ ಅಳಿಯ ಮುಖ ನೋಡದಿರುವುದೇ ಮರ್ಯಾದೆ. ಈಚಿನವರು ಇದನ್ನೆಲ್ಲ ಅರ್ಧ ಬಿಟ್ಟಿದ್ದರು. ಲೆವಿಸಿ ಬಿಟ್ಟಿರಲಿಲ್ಲ, ಐಸಮ್ ಅವಳಿಗಿಂತ ಒಂದು ಕೈ ಮೇಲೆ.

ಹಾಗಂತ ಒಂದೇ ಅಂಗಳದಲ್ಲಿ ಬದುಕುವವರು ಮಾತಿಲ್ಲದೆ ಇರಲಾದೀತೇ? ಅದಕ್ಕೆ ನಾಯಿ ಇತ್ತು.

"ನಾಯೀ, ಕಟ್ಟಿಗೆ ಮುಗೀತು ಅಂತ ಯಾರಿಗಾದ್ರೂ ಗೊತ್ತೇನೋ?" ಎಂದು ಅವಳು ಒಲೆಯ ಮುಂದೆ ಕೂತು ಕೇಳುವಳು.

"ನಾಯೀ, ಊಟದೊಳಗೆ ಕಡ್ಕೊಂಡು ಬರ್ತೀನಿ ಅಂತ ಹೇಳು," ಎಂದು ಜಗಲಿಯಿಂದ ಉತ್ತರ ಬರುವುದು. ನಾಯಿ ಎರಡೂ ಕಡೆ ನೋಡಿ, ಬಾಲ ಆಡಿಸಿ, ಮತ್ತೆ ಮಲಗುವುದು. ಗಂಡ ಹೆಂಡಿರ ನಡುವೆಯೂ ಮಾತು ಇಷ್ಟು ಸಲೀಸಾಗಿ ಸಾಗುವುದಿಲ್ಲ ಎಂದು ಲೆವಿಸಿಯ ತಮ್ಮ ಗಿಬ್ಸನ್ ನಗುತ್ತಿದ್ದ.

ಆಮೇಲೆ ಯುದ್ಧ ಬಂತು. ಸರ್ಕಾರ ಹುಡುಗರನ್ನು ಕರೆಯಿತು. ಐಸಮ್ ಫ್ರಾನ್ಸಿಗೆ ಹೋದ. ಬೆಟ್ಟದ ಆಚೆಯ ವೈಸಿಯ ಮಗ ಸಾಲಮನ್ ಕೂಡ ಅವನ ಜೊತೆಯಲ್ಲೇ ಹೋದ. ಸಾಲಮನ್ ಬರಲಿಲ್ಲ, ಐಸಮ್ ಬಂದ. ಬಂದ ಎಂದರೆ ಬೂಟು ಬಂತು, ಕೆಮ್ಮು ಬಂತು. ಕೆಮ್ಮೂ ಮೊದಲಿನದಲ್ಲ. ಅಲ್ಲಿ ಕುಡಿದ ವಿಷದ ಹೊಗೆಯಿಂದಾಗಿ ಅದು ಶುರುವಾದರೆ ನಿಲ್ಲುತ್ತಿರಲಿಲ್ಲ. ಲೆವಿಸಿ ಹಿಂಬಾಗಿಲಲ್ಲಿ ನಿಂತು, ಅವನು ಮೂಲೆ ತಿರುಗಿದನೋ ಇನ್ನೂ ಕೆಮ್ಮುತ್ತಲೇ ಇದ್ದಾನೋ ಎಂದು ತಿಳಿಯದೆ ಒದ್ದಾಡುತ್ತಿದ್ದಳು. ನಾಯಿಗೆ ಹೇಳಿದ ಮಾತಿಗೆ ಉತ್ತರ ತಡವಾಗಿ ಬರುತ್ತಿತ್ತು. ಕೆಲವು ದಿನ ಬರುತ್ತಲೇ ಇರಲಿಲ್ಲ.

"ಏನಂತಾರೆ ನಿನ್ನ ಗಂಡ?" ಎಂದು ಅವಳು ಮಗಳು ಸಲೀನಾಳನ್ನು ಕೇಳುವಳು.

"ಏನು ಕೇಳಿದ್ರೂ ಏನಿಲ್ಲ ಅಂತಾರೆ ಕಣವ್ವಾ. ನನ್ನ ಹೊಟ್ಟೆ ಮೇಲೆ ಕೈ ಇಡು ಅಂದ್ರೆ ಇಡ್ತಾರೆ. ಇಟ್ಟು ಇನ್ನೆಲ್ಲೋ ನೋಡ್ತಾರೆ."

ಸಲೀನಾ ತುಂಬಿದ ಬಸುರಿ. ಲೆವಿಸಿಗೆ ಇದ್ದುದು ಒಂದೇ ಹೆದರಿಕೆ, ಅದು ಎದ್ದಾಗಿನಿಂದ ಮಲಗುವವರೆಗೆ ಅವಳನ್ನು ಬಿಡುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಸಾಯದೆ ಬಂದವನು ಮನೆಯ ಅಂಗಳದಲ್ಲಿ ಕೈತಪ್ಪಿ ಹೋಗಿಬಿಟ್ಟರೆ? ಹಾಗೆ ಹೋದ ಗಂಡಸರ ಸುದ್ದಿ ಅಲ್ಲೊಂದು ಇಲ್ಲೊಂದು ಅವಳ ಕಿವಿಗೂ ಬಿದ್ದಿತ್ತು.

ಆ ಬೇಸಿಗೆಯಲ್ಲಿ ಐಸಮ್ ಇದ್ದಕ್ಕಿದ್ದ ಹಾಗೆ ಬಾವಿ ತೋಡಲು ಶುರು ಮಾಡಿದ. ಸಲೀನಾ ಒರತೆಯಿಂದ ನೀರು ಹೊತ್ತು ತರುವುದು ತಪ್ಪಲಿ ಎಂದಂತೆ. ಎಲ್ಲರಿಗೂ ಸಂತೋಷ, ಲೆವಿಸಿಗೆ ಮಾತ್ರ ಜೀವ ಹಿಡಿಯಾಯಿತು. ಹಸಿದವನು ಉಣ್ಣುವ ಹಾಗೆ ಅವನು ತೋಡುತ್ತಿದ್ದ, ಸುಧಾರಿಸಿಕೊಳ್ಳುತ್ತಲೇ ಇರಲಿಲ್ಲ. ಎರಡಾಳು ಆಳವಾದರೂ, ಮಣ್ಣು ಕುಸಿಯದ ಹಾಗೆ ಗೋಡೆಗೆ ಹಲಗೆ ಕೊಟ್ಟಿರಲಿಲ್ಲ.

"ನಾಯೀ, ಹಲಗೆ ಕೊಡದೆ ಬಾವಿಗೆ ಇಳಿಯೋರು ಎಲ್ಲಾದ್ರೂ ಉಂಟೇನೋ?"

ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ಗಿಬ್ಸನ್ ಮಾವ ಹಲಗೆ ತರ್ತಾರೆ ಅಂತ ಹೇಳು. ಅಲ್ಲೀತನಕ ಇಳಿಯಲ್ಲ ಅಂತ ಹೇಳು."

ಚರ್ಚಿನ ಬಯಲಲ್ಲಿ ವರ್ಷದ ದೊಡ್ಡ ಸಭೆ ಹತ್ತಿರ ಬಂದಿತ್ತು. ದೂರದಿಂದ ಬಂದವರು ತಂಗುವ ಗುಡಿಸಲುಗಳಿಗೆ ಸೂರು ಹೊದಿಸಲು, ಸ್ಮಶಾನದ ಹುಲ್ಲು ಕೆತ್ತಲು ಗಂಡಸರೆಲ್ಲ ಅಲ್ಲಿಗೆ ಹೋಗಿದ್ದರು. ಅವರಿಗೆ ರೊಟ್ಟಿ ಕಟ್ಟಿಕೊಂಡು ಸಲೀನಾ ಬೆಳಿಗ್ಗೆಯೇ ಹೋದಳು. ಐಸಮ್ ಮೈ ಸರಿಯಿಲ್ಲ ಎಂದು ಉಳಿದುಕೊಂಡ. ಲೆವಿಸಿ ಅಂಗಳದಲ್ಲಿ ದೊಡ್ಡ ಕಬ್ಬಿಣದ ಹಂಡೆ ಇಟ್ಟು, ಮುಸುಕಿನ ಜೋಳಕ್ಕೆ ಹಂದಿಮಾಂಸ ಹಾಕಿ ಗಂಜಿ ಕಾಸುತ್ತಿದ್ದಳು. ಮನೆಯ ಹಿಂದಿನಿಂದ ಸಲಿಕೆಯ ಸದ್ದು ಬಂದಾಗ ಅವಳ ಕೈಯ ಸೌಟು ನಿಂತಿತು. ಇಳಿಯಲ್ಲ ಅಂದಿದ್ದನಲ್ಲ! ಹೋಗಿ ಬೈಯುವಂತಿಲ್ಲ, ನಾಯಿ ಬೇರೆ ಎಲ್ಲೋ ಅಳಿಲಿನ ಹಿಂದೆ ಬಿದ್ದಿದೆ. ಸದ್ದು ಬರುತ್ತಿದೆ ಎಂದರೆ ಜೀವಕ್ಕೆ ಅಪಾಯವಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಒಂದು ಕಿವಿಯನ್ನು ಅಲ್ಲೇ ಇಟ್ಟು ಗಂಜಿ ತಿರುವಿದಳು.

ಆಮೇಲೆ ಹಿಟ್ಟಿನ ಮೂಟೆ ಜಾರಿ ಬಿದ್ದಂಥ ಸದ್ದಾಯಿತು. ದೊಡ್ಡ ಸದ್ದೇನಲ್ಲ. ಸಲಿಕೆ ನಿಂತುಹೋಯಿತು.

ಸೌಟು ಬಿಸಾಕಿ ಓಡಿದಳು. ಬಾವಿಯ ಬಾಯಿಂದ ಧೂಳು ಏಳುತ್ತಿತ್ತು. ಒಂದು ಮಗ್ಗುಲು ಪೂರ್ತಿ ಕಿತ್ತುಹೋಗಿತ್ತು. ಅಂಚಿನಿಂದ ಸ್ವಲ್ಪ ಹಿಂದೆ, ಶಾಲು ಹಿಡಿದುಕೊಂಡು ನಿಂತು, ಬೇರೆ ಕಡೆ ಮುಖ ಮಾಡಿ ಕೂಗಿದಳು.

"ಇದೀರಾ? ಅಳಿಯಂದಿರೇ, ಇದೀರಾ?"

ಉತ್ತರವಿಲ್ಲ. ಮತ್ತೆ ಕೂಗಿದಳು. ಉತ್ತರವಿಲ್ಲ. ಸತ್ತ. ಮಗಳು ಇನ್ನೇನು ದಾರಿ ಹಿಡಿದು ನಗುತ್ತ ಬರುತ್ತಾಳೆ, ಅವಳಿಗೆ ಏನಂತ ಹೇಳಲಿ? ಅವಳು ಅಲ್ಲೇ ಕುಸಿದು, ಬಾಯಿಗೆ ಶಾಲಿನ ಅಂಚು ತುರುಕಿಕೊಂಡಳು. ಆಗ ಕೆಳಗಿನಿಂದ ಕೆಮ್ಮು ಕೇಳಿತು.

ಲೆವಿಸಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಜೀವ ಇದೆ, ಬುದ್ಧಿಯೂ ಇದೆ. ಅತ್ತೆ ನೇರವಾಗಿ ಕರೆದಳು, ಅತ್ತೆಗೆ ಅಳಿಯ ನೇರವಾಗಿ ಉತ್ತರ ಕೊಡಬಾರದು, ಅದಕ್ಕೆ ಸುಮ್ಮನಿದ್ದಾನೆ! ಮಣ್ಣಿನಲ್ಲಿ ಹೂತುಹೋದವನು ಮರ್ಯಾದೆ ಕಾಯುತ್ತಿದ್ದಾನೆ. ಅವಳಿಗೆ ಅಳುವೂ ಬಂತು, ಎರಡು ಬಾರಿಸಬೇಕು ಅನ್ನುವ ಸಿಟ್ಟೂ ಬಂತು. ಅಷ್ಟರಲ್ಲಿ ನಾಯಿ ಓಡಿಬಂದು ಅವಳ ಪಕ್ಕ ನಿಂತಿತು. ಅದರ ಕುತ್ತಿಗೆ ಹಿಡಿದುಕೊಂಡಳು.

"ನಾಯೀ, ಅವರಿಗೆ ಎಲ್ಲೀವರೆಗೆ ಮಣ್ಣು ಬಂದಿದೆ ಕೇಳು."

"ನಾಯೀ, ಎದೆವರೆಗೆ," ಎಂದು ಉತ್ತರ ಬಂತು. ಧ್ವನಿ ತೆಳ್ಳಗಿತ್ತು. "ಕೈ ಹೊರಗಿದೆ. ಕಾಲು ಬರ್ತಿಲ್ಲ. ಏಣಿ ಹೋಯ್ತು."

"ಅಲ್ಲಾಡಬೇಡಿ ಅಂತ ಹೇಳು. ಉಳಿದ ಗೋಡೆನೂ ಬಿರುಕು ಬಿಟ್ಟಿದೆ. ನಾನು ಜನ ಕರೀತೀನಿ."

ಹೇಗೆ ಕರೆಯುವುದು? ಚರ್ಚಿನವರೆಗೆ ಓಡಿದರೆ ಬರುವಷ್ಟರಲ್ಲಿ ಏನಾಗುವುದೋ. ಆ ಸೀಮೆಯಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸಿದರೆ ಯಾರಿಗೋ ಕಷ್ಟ ಬಂದಿದೆ ಎಂದು ಅರ್ಥ, ಮಕ್ಕಳಿಗೂ ಗೊತ್ತು. ಲೆವಿಸಿ ಒಳಗೆ ಓಡಿ ಗೋಡೆಯ ಮೇಲಿನ ಕೋವಿ ತಂದಳು. ಅಂಗಳದ ನಡುವೆ ನಿಂತು ಆಕಾಶಕ್ಕೆ ಎರಡು ಗುಂಡು ಹಾರಿಸಿದಳು. ಬೇರೆ ಯಾವ ಮನೆಯಲ್ಲಾದರೂ ಅದು ಸರಿಯಾದ ಕೆಲಸ. ಈ ಮನೆಯಲ್ಲಿ, ಈ ಬಾವಿಯ ಪಕ್ಕದಲ್ಲಿ, ಅಂಥ ತಪ್ಪು ಇನ್ನೊಂದಿರಲಿಲ್ಲ.

ಎರಡನೆಯ ಗುಂಡಿನ ಸದ್ದು ಬೆಟ್ಟಕ್ಕೆ ಬಡಿದು ವಾಪಸು ಬರುವ ಮೊದಲೇ ಬಾವಿಯೊಳಗಿನಿಂದ ಚೀರಾಟ ಎದ್ದಿತು. ಮೊದಲು ಇಂಗ್ಲಿಷಿನಲ್ಲಿ, ಸಿಪಾಯಿಗಳ ಮಾತಿನಲ್ಲಿ. ಆಮೇಲೆ ಚೋಕ್ಟಾದಲ್ಲಿ, ಮನೆಯ ಮಾತಿನಲ್ಲಿ. "ತಡಿ ಕಣೋ! ತೆಗೀತೀನಿ, ತೆಗೀತೀನಿ ತಡಿ!" ಮಣ್ಣು ಧಸಕ್ಕೆಂದು ಮತ್ತೆ ಕುಸಿಯಿತು.

ನಾಯಿ ಗುಂಡಿನ ಸದ್ದಿಗೆ ಹೆದರಿ ಮನೆಯ ನೆಲಹಲಗೆಯ ಕೆಳಗೆ ನುಸುಳಿತ್ತು. ಲೆವಿಸಿ ನಾಯಿಯನ್ನು ಕರೆಯಲಿಲ್ಲ. ಶಾಲು ಎಲ್ಲಿ ಬಿತ್ತೋ ನೋಡಲಿಲ್ಲ. ಅಂಚಿನ ಮೇಲೆ ಭಾರ ಬೀಳದಂತೆ ಹೊಟ್ಟೆಯ ಮೇಲೆ ಮಲಗಿ, ತೆವಳಿ, ತಲೆಯನ್ನು ಬಾವಿಯೊಳಗೆ ಚಾಚಿದಳು. ಅಳಿಯನ ಮುಖ ನೋಡಿದಳು.

ಚಿಕ್ಕ ಹುಡುಗ. ಇಷ್ಟು ಚಿಕ್ಕವನೆಂದು ಅವಳು ಎಣಿಸಿರಲಿಲ್ಲ. ಕಿವಿಯ ಬುಡದಿಂದ ದವಡೆಯವರೆಗೆ ಗಾಯದ ಗೆರೆ. ಮಗಳು ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಅವನು ಎರಡೂ ಕೈಯಿಂದ ತನ್ನ ಎದೆಯ ಮುಂದಿನ ಮಣ್ಣನ್ನು ಬಗೆಯುತ್ತಿದ್ದ. ಬಗೆದಷ್ಟೂ ಮಗ್ಗುಲಿನಿಂದ ಮಣ್ಣು ಇಳಿಯುತ್ತಿತ್ತು. ಈಗ ಹೆಗಲವರೆಗೆ ಬಂದಿತ್ತು.

"ಐಸಮ್!"

ಕೇಳಿಸಲಿಲ್ಲ.

"ಐಸಮ್! ಮೇಲೆ ನೋಡೋ!"

ನೋಡಿದ. ಆದರೆ ಆ ಕಣ್ಣು ಅವಳನ್ನು ನೋಡುತ್ತಿರಲಿಲ್ಲ. "ಸಾಲಮನ್ ಕೆಳಗಿದಾನೆ," ಎಂದ. "ಕಾಲಿಗೆ ಸಿಕ್ತಿದಾನೆ. ಇನ್ನೂ ಉಸಿರಿದೆ."

"ನಾನು ಯಾರು? ಹೇಳು, ಯಾರು ನಾನು?"

ಅವನು ರೆಪ್ಪೆ ಬಡಿದ. ಇನ್ನೊಮ್ಮೆ ಬಡಿದ. ನಿಧಾನಕ್ಕೆ ಆ ಮಣ್ಣು ಮೆತ್ತಿದ ಮುಖಕ್ಕೆ ರಕ್ತ ಏರಿತು. ಫಕ್ಕನೆ ತಲೆ ತಗ್ಗಿಸಿದ, ಕೈಗಳು ಇದ್ದಲ್ಲೇ ನಿಂತವು. ನಾಚಿಕೆ! ಕೂಗಿಗೆ ನಿಲ್ಲದವನು ನಾಚಿಕೆಗೆ ನಿಂತ. ಅತ್ತೆಯ ಎದುರು ಮೈ ಕುಗ್ಗಿಸಿಕೊಂಡು, ಉಸಿರು ಹಿಡಿದು, ಮಿಸುಕದೆ ನಿಂತುಬಿಟ್ಟ. ಲೆವಿಸಿಗೂ ಮುಖ ಸುಟ್ಟಂತಾಯಿತು. ಆದರೂ ಕಣ್ಣು ತೆಗೆಯಲಿಲ್ಲ. ಅವನನ್ನು ಹಿಡಿದು ನಿಲ್ಲಿಸುವ ಹಗ್ಗ ಇದೊಂದೇ ಎಂದು ಅವಳಿಗೆ ಗೊತ್ತಾಗಿತ್ತು.

"ತಲೆ ಎತ್ತು. ನೋಡು ನನ್ನ. ಫ್ರಾನ್ಸಲ್ಲಿ ನಿನ್ನತ್ತೆ ಇದ್ಳೇನೋ?"

"...ಇಲ್ಲ."

"ಮತ್ತೆ ಇದು ಯಾವ ಜಾಗ?"

"ಮನೆ."

"ಮನೆ ಅಂಗಳ. ಇಲ್ಲಿ ಸಾಲಮನ್ ಇಲ್ಲಪ್ಪ. ಕಾಲಿಗೆ ಸಿಕ್ತಿರೋದು ಏಣಿ. ಮುರಿದ ಏಣಿ ಕಣೋ ಅದು. ಅಗೀಬೇಡ."

"ಗುಂಡು ಬಿತ್ತಲ್ಲ?"

"ನಾನೇ ಹಾರಿಸಿದ್ದು, ಬುದ್ಧಿಗೇಡಿ ನಾನು. ಜನ ಕರೆಯೋಕೆ ಹಾರಿಸ್ದೆ. ಬರ್ತಾರೆ ಈಗ. ನೀನು ನನ್ನೇ ನೋಡ್ತಾ ಇರು, ಅಲ್ಲಾಡಬೇಡ."

ಆದರೆ ಯಾರೂ ಬರಲಿಲ್ಲ. ಗುಂಡು ಕೇಳಿಸಿತೋ ಇಲ್ಲವೋ? ಯಾರೋ ಜಿಂಕೆ ಹೊಡೆದರು ಅಂದುಕೊಂಡರೋ? ಗೋಡೆಯಿಂದ ಚೂರು ಮಣ್ಣು ಉದುರಿದಾಗಲೆಲ್ಲ ಐಸಮ್‌ನ ಕಣ್ಣು ಅತ್ತ ಸರಿಯುತ್ತಿತ್ತು, ಸರಿದಾಗಲೆಲ್ಲ ಬೆರಳುಗಳು ಮಣ್ಣಿಗೆ ಇಳಿಯುತ್ತಿದ್ದವು. ಮಾತು ನಿಲ್ಲಿಸಿದರೆ ಅವನು ಹೋಗಿಬಿಡುತ್ತಾನೆ. ಲೆವಿಸಿ ಮಾತಾಡಿದಳು. ಹುಟ್ಟುವ ಮಗುವಿನ ಮಾತು, ಸತ್ತ ಗಂಡನ ಮಾತು, ಜೋಳದ ಹೊಲಕ್ಕೆ ನುಗ್ಗಿದ ಹಂದಿಗಳ ಮಾತು. ಎಲ್ಲ ಮುಗಿಯಿತು. ಇನ್ನೇನೂ ತೋಚದೆ ಬೈಯಲು ಶುರು ಮಾಡಿದಳು.

"ಗಂಜಿಗೆ ಉಪ್ಪು ಜಾಸ್ತಿ ಅಂತ ನಾಯಿಗೆ ಪಿಸುಗುಟ್ಟಿದ್ದೆಯಲ್ಲ, ಹೋದ ಚಳಿಗಾಲದಲ್ಲಿ. ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡ್ಯಾ?"

ಕೆಳಗೆ ಬೆರಳುಗಳು ಮಣ್ಣಿನಿಂದ ಮೇಲೆ ಬಂದವು. ಆಮೇಲೆ, "ಜಾಸ್ತಿ ಆಗಿತ್ತು," ಎಂದ ಐಸಮ್.

"ಆಗಿತ್ತು," ಎಂದಳು ಲೆವಿಸಿ. "ಹಾಕಿದ್ದು ಮರೆತು ಎರಡು ಸಲ ಹಾಕಿದ್ದೆ. ನಿನ್ನ ಯೋಚನೇಲೇ ಮರೆತದ್ದು."

ಕಡೆಗೂ ಕುದುರೆಗಳ ಸದ್ದು ಬಂತು. ಗಿಬ್ಸನ್ ಮುಂದೆ, ಅವನ ಹಿಂದೆ ಹಗ್ಗ ಹಲಗೆ ಹೇರಿದ ಬಂಡಿ, ಬಂಡಿಯಲ್ಲಿ ಚರ್ಚಿನ ಅರ್ಧ ಜನ. ಸಲೀನಾ ಗಂಡನ ಹೆಸರು ಹಿಡಿದು ಕೂಗಿದಳು. ಹೆಂಡತಿಯ ಧ್ವನಿ ಕೇಳಿದ್ದೇ ತಡ, ಅವನು ಮೇಲೆ ಬರಲು ಕೊಸರಿದ. ಒಂದು ಬುಟ್ಟಿಯಷ್ಟು ಮಣ್ಣು ಜಾರಿತು. ಹೆಂಗಸರು ಸಲೀನಾಳನ್ನು ತಬ್ಬಿ ಹಿಡಿದು ದೂರ ಒಯ್ದರು.

ಗಿಬ್ಸನ್ ಅಕ್ಕನನ್ನು ಕಂಡು ದಂಗಾದ. "ಅಕ್ಕಾ, ಏನಿದು! ಏಳು, ಮುಖ ಮುಚ್ಕೋ. ನಾವು ಬಂದ್ವಲ್ಲ."

ಅಷ್ಟು ವರ್ಷದ ಅಭ್ಯಾಸ; ಲೆವಿಸಿ ಎದ್ದೇಬಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದಳೋ ಇಲ್ಲವೋ, ಕೆಳಗೆ ಮತ್ತೆ ಬಗೆಯುವ ಸದ್ದು, "ಸಾಲಮನ್, ಸಾಲಮನ್." ಅವಳು ತಮ್ಮನನ್ನು ಮೊಣಕೈಯಿಂದ ನೂಕಿ ವಾಪಸು ಬಂದು ಅದೇ ಜಾಗದಲ್ಲಿ ಮಲಗಿದಳು.

"ನಿಮ್ಮ ಕೆಲಸ ನೀವು ಮಾಡಿ. ನಾನು ಏಳಲ್ಲ."

ಊರ ಎದುರೇ ಒಬ್ಬ ಹೆಂಗಸು ಅಳಿಯನ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದಳು. ಮುದುಕಿಯರು ನೋಡಲಾರದೆ ಆಚೆ ತಿರುಗಿಕೊಂಡರು. ಚರ್ಚಿನ ಹಿರಿಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡಿದ. ಲೆವಿಸಿಗೆ ನೆಲದೊಳಗೆ ಇಂಗಿಹೋಗುವಷ್ಟು ನಾಚಿಕೆಯಾಯಿತು. ಹಂಡೆಯಲ್ಲಿ ಗಂಜಿ ಸೀದು ಅಂಗಳವೆಲ್ಲ ನಾತ ಹೊಡೆಯುತ್ತಿತ್ತು. ಗಂಡಸರು ಹಲಗೆ ಇಳಿಸಿದರು, ಅಡ್ಡ ಕಟ್ಟಿದರು, ಬಕೆಟ್ಟಿನಲ್ಲಿ ಮಣ್ಣು ಎಳೆದರು. ಪ್ರತಿ ಬಕೆಟ್ಟಿಗೂ ಅವಳ ಜೀವ ಹೋಗಿ ಬರುತ್ತಿತ್ತು. ಬಿಸಿಲು ಮರದ ತುದಿಗೆ ಏರುವ ಹೊತ್ತಿಗೆ ಅವನ ಮೊಣಕಾಲು ಬಿಟ್ಟಿತು. ಹಗ್ಗ ಕಟ್ಟಿ ಮೇಲೆತ್ತಿದರು.

ಅವನ ತಲೆ ಅಂಚಿಗೆ ಬಂದ ಕ್ಷಣವೇ ಲೆವಿಸಿ ಮುಖ ತಿರುಗಿಸಿ ಎದ್ದು ಹಂಡೆಯ ಹತ್ತಿರ ಹೋದಳು. ಹಿಂದೆ ಸಲೀನಾ ಅಳುತ್ತ, "ಏನಾಗಿತ್ತು ನಿಮ್ಗೆ, ಒಬ್ಬರೇ ಯಾಕೆ ಇಳಿದ್ರಿ?" ಎಂದು ಕೇಳುವುದು ಕೇಳಿಸಿತು. ಬಹಳ ಹೊತ್ತು ಐಸಮ್ ಬರೀ ಕೆಮ್ಮಿದ. ಆಮೇಲೆ, ಯುದ್ಧದಿಂದ ಬಂದ ಮೇಲೆ ಮೊದಲ ಸಲ, ಫ್ರಾನ್ಸಿನ ಮಾತು ಆಡಿದ.

"ಅಲ್ಲಿ ಇಬ್ಬರೂ ಹೂತುಹೋಗಿದ್ವಿ. ಬೆಳಗಾಗೋವರೆಗೆ ಕೂಗಿದೆ. ಮೇಲೆ ಯಾರೂ ಇರ್ಲಿಲ್ಲ."

ಸೀದ ಹಂಡೆಯನ್ನು ಇಳಿಸಲು ಬಗ್ಗಿದ ಲೆವಿಸಿ ಹಾಗೇ ಅದರ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ಭಾನುವಾರ ಕಳೆದ ಮೇಲೆ ಗಿಬ್ಸನ್ ಸಲಿಕೆ ಹಿಡಿದು ಬಂದ. "ಮುಚ್ಚಿಬಿಡ್ತೀನಿ ಅಕ್ಕಾ. ಹಾಳು ಬಾವಿ."

ಐಸಮ್ ಮನೆಗೆ ಬೆನ್ನು ಹಾಕಿ ಒಂದು ಮರದ ದಿಮ್ಮಿಯ ಮೇಲೆ ಕೂತು ಆ ಗುಂಡಿಯನ್ನೇ ನೋಡುತ್ತಿದ್ದ. ಮೂರು ಹೊತ್ತೂ ಅದೇ. ಊಟವಿಲ್ಲ. ಲೆವಿಸಿಗೆ ಮುಚ್ಚುವುದೇ ಸರಿ ಅನ್ನಿಸಿತ್ತು, ರಾತ್ರಿಯೆಲ್ಲ ಅದನ್ನೇ ಬಯಸಿದ್ದಳು. ಆದರೆ ಬಾಯಿಂದ ಬಂದದ್ದು ಬೇರೆ.

"ಮುಚ್ಚಬೇಡ. ಮುಚ್ಚಿದ್ರೆ ಅವನು ಅದರೊಳಗೇ ಉಳ್ಕೋತಾನೆ. ಹಲಗೆ ಕೊಡು. ಸುತ್ತ, ತಳದವರೆಗೆ."

"ಮತ್ತೆ ಇಳಿಸ್ತೀಯಾ? ಹುಚ್ಚು ಹಿಡೀತಾ ನಿಂಗೆ?"

"ಹಿಡಿದಿದೆ, ನಿನ್ನ ಕೆಲಸ ನೋಡು," ಎಂದಳು.

ಗಿಬ್ಸನ್ ಗೊಣಗುತ್ತ ಹಲಗೆ ಕೊಟ್ಟ, ಹೊಸ ಏಣಿ ಇಳಿಬಿಟ್ಟ. ಐಸಮ್ ಏಣಿಯ ಹತ್ತಿರ ಬಂದು ನಿಂತ. ಇಳಿಯಲಿಲ್ಲ. ಕೈ ಏಣಿಯ ಮೇಲೆ, ಕಾಲು ನೆಲದ ಮೇಲೆ. ಒಳಗಿದ್ದ ಲೆವಿಸಿಗೆ ಅವನ ಉಸಿರು ಅಲ್ಲಿಯವರೆಗೂ ಕೇಳಿಸುತ್ತಿತ್ತು. ಅವಳು ಶಾಲು ಕಣ್ಣಿನವರೆಗೆ ಎಳೆದುಕೊಂಡು, ಒಂದು ಮಣೆ ಎತ್ತಿಕೊಂಡು ಹೊರಗೆ ಬಂದಳು. ಬಾವಿಯ ಪಕ್ಕದಲ್ಲಿ ಮಣೆ ಹಾಕಿ, ಬಾವಿಗೆ ಬೆನ್ನು ಮಾಡಿ ಕೂತಳು. ನೋಡುವಂತಿಲ್ಲ, ಮಾತಾಡುವಂತಿಲ್ಲ, ಎಲ್ಲ ಮೊದಲಿನ ಹಾಗೆ. ಆದರೆ ಹಾಡಬಾರದು ಎಂದು ಯಾವ ಹಿರಿಯರೂ ಹೇಳಿರಲಿಲ್ಲ. ಚರ್ಚಿನಲ್ಲಿ ಹಾಡುವ ಚೋಕ್ಟಾ ಹಾಡೊಂದನ್ನು ಎತ್ತಿಕೊಂಡಳು, ನಿಧಾನದ, ಮುಗಿಯದಷ್ಟು ಉದ್ದದ ಹಾಡು. ಅವಳ ಗಂಟಲು ಹಾಡಿಗೆ ಹೇಳಿ ಮಾಡಿಸಿದ್ದಲ್ಲ. ಗಿಬ್ಸನ್ ಕಿವಿ ಮುಚ್ಚಿಕೊಳ್ಳುವ ಹಾಗೆ ಮಾಡಿ ತೋರಿಸಿದ.

ಏಣಿ ಕಿರುಗುಟ್ಟಿತು. ಒಂದು ಮೆಟ್ಟಿಲು, ಇನ್ನೊಂದು. ಆಳದಿಂದ ಸಲಿಕೆಯ ಸದ್ದು ಬಂತು. ಲೆವಿಸಿ ಮಣೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಹಾಡಿದಳು. ಎರಡನೆಯ ಚರಣ ಮುಗಿಸಿ ಉಸಿರೆಳೆದುಕೊಳ್ಳಲು ನಿಂತಳು. ಕೆಳಗೆ ಸಲಿಕೆಯೂ ನಿಂತಿತು.

ಅವಳು ಕಾಯಲಿಲ್ಲ. ಉಸಿರು ಅರ್ಧವಿರುವಾಗಲೇ ಮೂರನೆಯ ಚರಣ ಎತ್ತಿಕೊಂಡಳು. ಕೆಳಗೆ ಸಲಿಕೆ ಮತ್ತೆ ಮಣ್ಣಿಗೆ ಇಳಿಯಿತು.